ತೆಗೆದುಹಾಕಿದ ಸದ್ದು

"ಈಗ ಕೇಳಿ ಮೇಡಂ, ಎಷ್ಟು ಸ್ವಚ್ಛ ಆಗಿದೆ!" ಎಂದಳು ತರಬೇತುದಾರಳು.

ವರದಿಗಾರ್ತಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಪಕ್ಕದ ಮನೆಯ ಟೈಲರಮ್ಮನ ಮಾತು ತೊಳೆದಿಟ್ಟ ಲೋಟದ ಹಾಗೆ ನಿಚ್ಚಳವಾಗಿತ್ತು. ಫ್ಯಾನಿನ ಗಿರಗಿರ ಇಲ್ಲ, ರಸ್ತೆಯ ಹಾರ್ನ್ ಇಲ್ಲ. ಅಡುಗೆಮನೆಯಿಂದ ಬರುತ್ತಿದ್ದ ಗುನುಗೂ ಇಲ್ಲ. ಅವಳು ಮತ್ತೊಮ್ಮೆ ಮೊದಲಿನಿಂದ ಹಾಕಿಸಿ ಕೇಳಿದಳು.

ವರ್ಷಗಟ್ಟಲೆ ಪೆನ್ನು ಹಿಡಿದು ಬರೆದವಳನ್ನು, ಪತ್ರಿಕೆ ಮೊಬೈಲಿಗೆ ಕಾಲಿಟ್ಟಿದ್ದೇ ತಡ, ಧ್ವನಿ, ವಿಡಿಯೊ ಎಲ್ಲ ಕಲಿಯಿರೆಂದು ಸಂಪಾದಕರು ಈ ತರಗತಿಗೆ ಅಟ್ಟಿದ್ದರು. ಮಗಳ ವಯಸ್ಸಿನ ತರಬೇತುದಾರಳಿಗೆ ಅವಳು ಬೆನ್ನ ಹಿಂದೆ ಇಟ್ಟ ಹೆಸರು 'ಮರಿ ಮೇಷ್ಟ್ರು'. ಅಭ್ಯಾಸಕ್ಕೆಂದು ತಂದದ್ದು ಹೋದ ವರ್ಷ ಮನೆಯಲ್ಲೇ ಮೊಬೈಲಿನಲ್ಲಿ ಹಿಡಿದಿದ್ದ ಟೈಲರಮ್ಮನ ಸಂದರ್ಶನ. ಅಂದು ಗಂಡನಿಗೆ, "ರೀ, ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದು ತಾಕೀತು ಮಾಡಿದ್ದಳು. ಆತ ಮಾತು ನಿಲ್ಲಿಸಿದ. ಪಾತ್ರೆ ತೊಳೆಯುತ್ತ ಗುನುಗುವುದನ್ನು ನಿಲ್ಲಿಸಲಿಲ್ಲ. ರಾಗ ಆತನ ಹತ್ತಿರವೂ ಸುಳಿದದ್ದಲ್ಲ. ಈಗ ಆತನೇ ಇಲ್ಲ. ಫೋಟೊಗಳು ಬೇಕಾದಷ್ಟಿವೆ, ದನಿ ಇರುವುದು ಇದೊಂದರಲ್ಲೇ. ಅದನ್ನು ತರಬೇತುದಾರಳ ಹತ್ತಿರ ಹೇಳಿಕೊಳ್ಳಲು ಸಂಕೋಚವಾಗಿ, "ಸ್ವಲ್ಪ ಸರಿಯಾಗಿ ಕೇಳೋ ಹಾಗೆ ಮಾಡಮ್ಮ" ಎಂದಷ್ಟೇ ಹೇಳಿದ್ದಳು.

"ತೆಗೆದದ್ದೆಲ್ಲ ಎಲ್ಲಿ ಹೋಯ್ತು?"

"ಅದು ಬರೀ ಕಸ ಅಲ್ವಾ ಮೇಡಂ?"

"ಆ ಕಸಾನೇ ಬೇಕಿತ್ತು ನಂಗೆ." ಎಂದಳು ವರದಿಗಾರ್ತಿ. "ಹಿಂದೆ ಹಾಡ್ತಿದ್ದದ್ದು ನಮ್ಮೆಜಮಾನ್ರು."

ಮರಿ ಮೇಷ್ಟ್ರ ಮುಖ ಸಣ್ಣದಾಯಿತು. "ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ? ಏನೂ ಹೋಗಿಲ್ಲ, ಗಾಬರಿ ಆಗ್ಬೇಡಿ. ತೆಗೆದದ್ದನ್ನ ಮಾತ್ರ ಕೇಳೋಕೂ ಇದರಲ್ಲಿ ದಾರಿ ಇದೆ." ಮೌಸ್ ಹಿಡಿದು ಪರದೆಯ ಮೇಲೆ ಏನನ್ನೋ ಬದಲಿಸಿ, ಸದ್ದನ್ನು ಏರಿಸಿ, ತಾನೇ ಎದ್ದು ದೂರ ಹೋದಳು.

ಟೈಲರಮ್ಮ ಮಾಯವಾಗಿದ್ದರು. ಫ್ಯಾನು, ಹಾರ್ನು, ತಟ್ಟೆಯ ಮೇಲೆ ತಟ್ಟೆ ಇಟ್ಟ ಸದ್ದು. ಅವುಗಳ ನಡುವೆ ಆ ಹಾಳು ಹಾಡು, ಎಂದಿನಂತೆ ಅದೇ ಜಾಗದಲ್ಲಿ ತಪ್ಪುತ್ತ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮುಗಿಯುವ ಹೊತ್ತಿಗೆ ನಲ್ಲಿ ನಿಂತಿತು. ದೂರದಿಂದ, ಅವಳು ಇದುವರೆಗೆ ಗಮನಿಸಿಯೇ ಇರದ ಮಾತೊಂದು ಸಣ್ಣಗೆ ಕೇಳಿತು:

"ಆಯ್ತೇನೇ? ಇನ್ನು ನಾನು ಮಾತಾಡ್ಬಹುದಾ?"

"ಹ್ಞೂಂ, ಮಾತಾಡಿ" ಎಂದಳು, ಗಟ್ಟಿಯಾಗಿಯೇ. ತರಗತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಪರದೆಯ ಮೇಲೆ ಸದ್ದಿಗೆ ತಕ್ಕಂತೆ ಕುಣಿಯುತ್ತಿದ್ದ ಗೆರೆ ಅಷ್ಟರಲ್ಲಿ ಸಪಾಟಾಗಿತ್ತು.