ಸರಗುಣಿಕೆ ಹಾಕಿದ ಕಟ್ಟು

ಮಗಳು ಅಪ್ಪನ ಗಲ್ಲದಡಿಯಿಂದ ನೆತ್ತಿಗೆ ಬಿಳಿ ಬಟ್ಟೆಯ ಪಟ್ಟಿಯನ್ನು ಎಳೆದು ಗಂಟು ಹಾಕುತ್ತಿದ್ದಳು. ಪಕ್ಕದಲ್ಲಿದ್ದ ಸೋದರತ್ತೆ ಅವಳ ಕೈ ಸರಿಸಿದಳು.

"ಇದೇನೇ, ಸರಗುಣಿಕೆ ಹಾಕಿದ್ದೀಯ? ಸ್ವಲ್ಪ ಅಲುಗಾಡಿದ್ರೆ ಬಿಚ್ಚಿಕೊಳ್ಳುತ್ತೆ. ಬಿಡು, ನಾನು ಹಾಕ್ತೀನಿ."

ಅತ್ತೆ ತುದಿ ಎಳೆದು ಅದನ್ನು ಬಿಚ್ಚಿ, ಎರಡು ಸಲ ಬಿಗಿದು ಕಗ್ಗಂಟು ಹಾಕಿದಳು. ಉಳಿದ ತುದಿಗಳನ್ನು ಕತ್ತರಿಯಿಂದ ಕತ್ತರಿಸಿದಳು. ನಿನ್ನೆ ಮಧ್ಯಾಹ್ನ ಫೋನು ಬಂದಾಗಿನಿಂದ ಮಗಳಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ಹೇಳಿದ ಕೆಲಸ ಮಾಡುತ್ತಿದ್ದಳು, ಅಷ್ಟೆ.

ಮುಂದಿನ ಕೋಣೆಯಲ್ಲಿ ಕೋರ್ಟಿನವರು ಕೂತಿದ್ದರು. ಅಪ್ಪ ಅಲ್ಲಿ ಮೂವತ್ನಾಲ್ಕು ವರ್ಷ ಕಡತದ ಕೋಣೆ ನೋಡಿಕೊಂಡು, ಎರಡು ವರ್ಷದ ಹಿಂದೆ ನಿವೃತ್ತನಾಗಿದ್ದ. ಆದರೂ ದಿನಾ ಹೋಗುತ್ತಿದ್ದ. ಚಹಾ ಕುಡಿಯಲು, ಹರಟೆ ಹೊಡೆಯಲು ಎಂದು ಮಗಳು ತಿಳಿದಿದ್ದಳು. ನಿನ್ನೆ ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದ.

"ಒಂದೇ ಒಂದು ಕಡತ ಕಳೆದವರಲ್ಲ ನಮ್ಮ ಗಂಟಣ್ಣ," ಎಂದ ಬೆರಳಚ್ಚುಗಾರ. ಕೋರ್ಟಿನಲ್ಲಿ ಎಲ್ಲರೂ ಅಪ್ಪನನ್ನು ಕರೆಯುತ್ತಿದ್ದದ್ದು ಹಾಗೆಯೇ. "ಕಣ್ಣು ಕಟ್ಟಿ ಬಿಟ್ರೂ ಹುಡುಕಿ ತರೋರು."

ಎಲ್ಲರೂ ತಲೆಯಾಡಿಸಿದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಆದರೆ ಈ ಮಾತನ್ನು ಅಪ್ಪನ ಎದುರಿಗೂ ಜನ ಹೇಳುತ್ತಿದ್ದರು, ಅವನು ಅದನ್ನು ಕೇಳಲೆಂದೇ ಒಂದೆರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದ.

ಬಾಗಿಲ ಬಳಿ, ಬಿಟ್ಟ ಚಪ್ಪಲಿಗಳ ಪಕ್ಕದಲ್ಲೇ ಒಬ್ಬ ಹೆಂಗಸು ಕೂತಿದ್ದಳು. ಅವಳು ಸೀರೆಯ ಸೆರಗಿಗೆ ಎರಡು ಸೂಜಿ ಚುಚ್ಚಿಕೊಂಡಿದ್ದಳು. ಮಗಳು ನೀರು ಕೊಟ್ಟು ಯಾರೆಂದು ಕೇಳಿದಳು.

"ಬಟ್ಟೆ ಹೊಲಿಯೋಳು ಕಣಮ್ಮ. ನನ್ನ ಮನೆ ಕೇಸು ನಿಮ್ಮಪ್ಪನ ಕೋರ್ಟಲ್ಲಿತ್ತು. ಮಾಲೀಕ ಖಾಲಿ ಮಾಡಿಸಬಾರದು ಅಂತ ತಡೆಯಾಜ್ಞೆ ಇತ್ತು. ಈಗ ಕಂಪ್ಯೂಟರಲ್ಲಿ ಕೇಸೇ ಮುಗಿದುಹೋಗಿದೆ ಅಂತ ತೋರಿಸ್ತಿದೆಯಂತೆ. ತೀರ್ಪೇ ಆಗಿಲ್ಲ, ಮುಗಿಯೋದು ಹೇಗೆ? ಕೇಳಿದ್ರೆ ಕಾಗದದ ಕಟ್ಟು ತೋರಿಸಿ ಅಂತಾರೆ. ಕಟ್ಟು ಸಿಗ್ತಿಲ್ಲ." ಅವಳು ನೀರು ಕುಡಿದಳು. "ವಾರಕ್ಕೊಂದು ಸಲ ನಿಮ್ಮಪ್ಪ ಅಂಗಡಿಗೆ ಬಂದು, ಹುಡುಕ್ತಿದ್ದೀನಿ ಕಣಮ್ಮ, ಸಿಗುತ್ತೆ ಅನ್ನೋರು. ನಾಳೆ ಬೆಳಿಗ್ಗೆ ಮಾಲೀಕ ಬಂದು ಬೀಗ ಹಾಕ್ತಾನೆ. ಅದನ್ನ ಹೇಳೋಕೆ ಬಂದಿದ್ದಲ್ಲ. ಪುಣ್ಯಾತ್ಮನ ಮುಖ ನೋಡಿ ಹೋಗೋಣ ಅಂತ ಬಂದೆ."

*

ಮಗಳಿಗೆ ಏಳು ವರ್ಷವಿದ್ದಾಗ ಒಂದು ದಿನ ಶಾಲೆಗೆ ರಜೆಯಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಅವಳನ್ನು ಕಡತದ ಕೋಣೆಯಲ್ಲಿ ಕೂರಿಸಿ, ದಾರ ಕೈಗೆ ಕೊಟ್ಟಿದ್ದ.

"ನಡೀತಿರೋ ಕೇಸಿಗೆ ಸರಗುಣಿಕೆ. ತುದಿ ಎಳೆದ್ರೆ ಬಿಚ್ಚಬೇಕು. ಮುಗಿದ ಕೇಸಿಗೆ ಕಗ್ಗಂಟು, ತುದಿ ಕತ್ತರಿಸಿಬಿಡೋದು. ಯಾರೂ ಬಿಚ್ಚೋ ಹಾಗಿಲ್ಲ."

"ತುದಿ ಇಷ್ಟುದ್ದ ಯಾಕಪ್ಪ?"

"ನಾಳೆ ಬಿಚ್ಚೋರ ಕೈಗೆ ಸಿಗಬೇಕಲ್ಲ."

ಆ ಪದ್ಧತಿ ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ, ಅಪ್ಪನ ಬೆರಳುಗಳಲ್ಲಿತ್ತು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ಊರೆಲ್ಲ ಹೇಳುವಾಗ ಅಪ್ಪ ಮಾತ್ರ, ನನ್ನ ಕೋಣೆಯಲ್ಲಿ ಯಾರೂ ಸತ್ತಿಲ್ಲ, ಎಲ್ಲರೂ ಕಟ್ಟಿನೊಳಗೆ ಬೆಚ್ಚಗಿದ್ದಾರೆ ಎನ್ನುತ್ತಿದ್ದ.

ಆಮೇಲೆ ಕಂಪ್ಯೂಟರು ಬಂತು. ಪ್ರತಿ ಕೇಸಿಗೂ ಹೊಸ ನಂಬರು ಕೊಡಬೇಕು, ನಡೆಯುತ್ತಿರುವುದನ್ನೆಲ್ಲ ಸ್ಕ್ಯಾನ್ ಮಾಡಬೇಕು, ಮುಗಿದದ್ದನ್ನು ಪಟ್ಟಿ ಮಾಡಿ ಡಬ್ಬಕ್ಕೆ ತುಂಬಬೇಕು. ಹದಿನೆಂಟು ಸಾವಿರ ಕಟ್ಟುಗಳು, ಆರು ವಾರದ ಗಡುವು. ಕಂಪ್ಯೂಟರಿನವರು ತಲೆ ಕೆರೆದುಕೊಂಡು ನಿಂತಾಗ, ಒಳಗೆ ನೋಡುವುದೇ ಬೇಡ, ಗಂಟು ನೋಡಿ ಸಾಕು ಎಂದು ಅಪ್ಪನೇ ಎದೆಯುಬ್ಬಿಸಿ ಹೇಳಿದ್ದ. ಅವರು ಗಂಟು ನೋಡಿದರು. ಗಡುವಿಗೆ ಎರಡು ದಿನ ಮೊದಲೇ ಕೆಲಸ ಮುಗಿಯಿತು. ಆ ಸಂಜೆ ಅಪ್ಪ ಕೋರ್ಟಿನವರು ಹಾಕಿದ ಹೂಮಾಲೆಯನ್ನು ಮನೆಗೆ ತಂದು ಮೊಳೆಗೆ ನೇತುಹಾಕಿದ್ದ. ಅಮ್ಮ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ.

*

ಶವದ ವಾಹನ ಬರಲು ಒಂದು ಗಂಟೆಯಿತ್ತು. ಕೋರ್ಟಿನ ಶಿರಸ್ತೇದಾರರು ಅಪ್ಪನ ಚೀಲವನ್ನು ತಂದುಕೊಟ್ಟರು. ಅಪ್ಪನ ಮೇಲಧಿಕಾರಿ, ಮಗಳ ಮದುವೆಯಲ್ಲಿ ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಂಡವರು.

"ಹೋದಾಗ ಅವರ ಮಡಿಲಲ್ಲಿ ಒಂದು ಹಳೇ ಕಟ್ಟೂ ಇತ್ತಮ್ಮ. ಕಡತದ ಕೋಣೆಯಲ್ಲೇ ಇಟ್ಟೆ."

"ಯಾವ ಗಂಟಿತ್ತು?"

"ಗಂಟಾ? ಈಗ ಯಾರಮ್ಮ ಗಂಟು ನೋಡ್ತಾರೆ. ತುದಿ ಜೋತುಬಿದ್ದಿತ್ತು, ಎತ್ತುವಾಗ ಬೆರಳಿಗೆ ಸಿಕ್ಕಿಹಾಕಿಕೊಳ್ತು. ಮುಗಿದ ಕೇಸುಗಳ ಡಬ್ಬದಿಂದ ತೆಗೆದದ್ದು."

ಮಗಳು ಚೀಲ ತೆರೆದಳು. ಊಟದ ಡಬ್ಬಿ, ಕನ್ನಡಕ, ಒಂದು ಉಂಡೆ ದಾರ. ತಳದಲ್ಲಿ ಮಡಿಕೆಯಲ್ಲೇ ಸವೆದುಹೋದ ಕಾಗದ. ಅದು ನ್ಯಾಯಾಧೀಶರಿಗೆ ಬರೆದ ಪತ್ರ. ಬಟ್ಟೆ ಹೊಲಿಯುವಾಕೆಯ ಕೇಸಿನ ನಂಬರಿತ್ತು, ಕೆಳಗೆ ಅಪ್ಪನ ಸಹಿ. 'ಈ ಕೇಸು ಮುಗಿದಿಲ್ಲ. ನನ್ನ ಹೆಂಡತಿ ತೀರಿಕೊಂಡ ಮರುದಿನವೇ ನಾನು ಕೆಲಸಕ್ಕೆ ಹಾಜರಾಗಿದ್ದೆ. ಆ ದಿನ ಯಾವ ಕಟ್ಟಿಗೆ ಯಾವ ಗಂಟು ಹಾಕಿದೆನೆಂಬುದು ನೆನಪಿಲ್ಲ. ತಪ್ಪು ನನ್ನದು. ಕಂಪ್ಯೂಟರಿನವರದಲ್ಲ.'

ಪತ್ರದ ಮೇಲಿನ ತಾರೀಖು ಒಂದೂವರೆ ವರ್ಷ ಹಿಂದಿನದು. ಕಟ್ಟು ಸಿಗಲಿ ಎಂದು ಕಾದನೋ, ಧೈರ್ಯ ಬರಲಿ ಎಂದು ಕಾದನೋ, ಮಗಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಅವಳು ಪತ್ರವನ್ನು ಶಿರಸ್ತೇದಾರರಿಗೆ ಕೊಟ್ಟಳು.

ಅವರು ಎರಡು ಸಲ ಓದಿ, ಮುಂದಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಆ ಕಟ್ಟಿನ ಮೇಲೂ ಇದೇ ನಂಬರಿತ್ತು. ಆದರೆ ಇದನ್ನ ಕೊಟ್ಟರೆ ದಾಖಲೆಗೆ ಹೋಗುತ್ತೆ. ಹಾಗೆ ಇನ್ನೆಷ್ಟು ಕಟ್ಟು ತಪ್ಪಾಗಿವೆ ಅಂತ ವಿಚಾರಣೆ ಆಗುತ್ತೆ. ಆಚೆ ಕೂತು ಹೊಗಳ್ತಿದ್ದಾರಲ್ಲ, ಅವರೇ ನಾಳೆ ಬೇರೆ ಮಾತಾಡ್ತಾರೆ. ಹೋದವರ ಹೆಸರು ಯಾಕಮ್ಮ ಕೆಡಿಸ್ತೀಯ?"

"ಪತ್ರ ಇಲ್ಲದೆ ಬರೀ ಕಟ್ಟು ತೋರಿಸಿದ್ರೆ ಆಗಲ್ವಾ ಸರ್?"

"ಆಗುತ್ತೆ. ಅರ್ಜಿ, ನೋಟಿಸು, ಉತ್ತರ. ಆರು ತಿಂಗಳು."

"ಪತ್ರ ಇದ್ರೆ?"

ಅವರು ಗಡಿಯಾರ ನೋಡಿದರು. "ಜಡ್ಜ್ ಸಾಹೇಬರು ಇವತ್ತು ಐದರವರೆಗೆ ಇರ್ತಾರೆ."

ಬಾಗಿಲ ಬಳಿ ಆ ಹೆಂಗಸು ಸೆರಗಿನ ಸೂಜಿಗಳನ್ನು ತೆಗೆದು ಮತ್ತೆ ಚುಚ್ಚಿಕೊಳ್ಳುತ್ತಿದ್ದಳು. ಬೆರಳಚ್ಚುಗಾರ ಹೊಸದಾಗಿ ಬಂದ ಯಾರಿಗೋ ಮೊದಲಿನಿಂದ ಹೇಳತೊಡಗಿದ್ದ: ಒಂದೇ ಒಂದು ಕಡತ ಕಳೆದವರಲ್ಲ. ಮಗಳಿಗೆ ಆ ಮಾತು ಅಲ್ಲಿಯೇ, ಅವನ ಬಾಯಲ್ಲೇ ಹಾಗೇ ಇದ್ದುಬಿಡಲಿ ಎಂದು ತುಂಬ ಆಸೆಯಾಯಿತು. ನಿನ್ನೆಯಿಂದ ಅವಳಿಗೆ ಆದ ಮೊದಲ ಆಸೆ ಅದು.

"ಅಪ್ಪ ಗಂಟು ಬದಲಾಯಿಸಿಬಿಟ್ಟಿದ್ದಾನೆ ಸರ್," ಎಂದಳು. "ತುದಿ ಜೋತುಬಿದ್ದಿತ್ತು ಅಂದ್ರಲ್ಲ, ಅದು ಸರಗುಣಿಕೆ."

*

ದಹನ ಮುಗಿದಾಗ ಮೂರೂವರೆ. ಅತ್ತೆ ಬೈದಳು. "ಅಪ್ಪನ್ನ ಈಗ ತಾನೆ ಕಳಿಸಿದ್ದೀಯ, ಆಫೀಸಿಗೆ ಹೋಗೋ ಹೊತ್ತೇನೇ ಇದು? ನೋಡಿದವರು ಏನಂದಾರು?" ಮಗಳು ಹೊಲಿಯುವಾಕೆಗೆ ಕೋರ್ಟಿಗೆ ಬರಲು ಹೇಳಿ, ಶಿರಸ್ತೇದಾರರ ಸ್ಕೂಟರಿನ ಹಿಂದೆ ಕೂತಳು.

ಸಾಹೇಬರು ಪತ್ರ ಓದಿದರು, ಕಟ್ಟು ಬಿಚ್ಚಿಸಿ ಕೊನೆಯ ಹಾಳೆ ನೋಡಿದರು. ತೀರ್ಪು ಇರಲಿಲ್ಲ. ಮುಂದಿನ ತಾರೀಖಿನ ಜಾಗ ಖಾಲಿಯಿತ್ತು. ಅಲ್ಲಿ ತಾರೀಖು ಬರೆದು, ಅಲ್ಲಿಯವರೆಗೆ ತಡೆಯಾಜ್ಞೆ ಇದೆ ಎಂದು ಬರೆಸಿ ಸಹಿ ಹಾಕಿದರು. ಇನ್ನೊಂದು ಹಾಳೆಯಲ್ಲಿ ವಿಚಾರಣೆಗೆ ಆದೇಶಿಸಿ, ಅದಕ್ಕೂ ಸಹಿ ಹಾಕಿದರು. ಕಂಪ್ಯೂಟರಿನ ಮುಂದೆ ಕೂತವಳು ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ 'ಇತ್ಯರ್ಥ' ಎಂದಿದ್ದ ಕಡೆ 'ಬಾಕಿ' ಎಂದು ಬಂತು.

ಹೊಲಿಯುವಾಕೆ ಆದೇಶದ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಯಾರದ್ದಮ್ಮ ತಪ್ಪು, ಗೊತ್ತಾಯ್ತಾ?"

"ನಮ್ಮಪ್ಪನದು."

ಹೊಲಿಯುವಾಕೆ ಕಾಗದವನ್ನು ಮಡಿಸಿಕೊಂಡು ಮೆಟ್ಟಿಲಿಳಿದು ಹೋದಳು.

ಕಡತದ ಕೋಣೆಯಲ್ಲಿ ಅರ್ಧಕ್ಕರ್ಧ ಕಪಾಟುಗಳು ಖಾಲಿಯಿದ್ದವು. ಮಗಳು ಅಪ್ಪನ ಪತ್ರವನ್ನು ಎಲ್ಲಕ್ಕಿಂತ ಮೇಲಿಟ್ಟು, ಚೀಲದಲ್ಲಿದ್ದ ದಾರದಿಂದ ಕಟ್ಟು ಕಟ್ಟಿದಳು. ಮೊದಲ ಸಲ ಗಂಟು ಜಾರಿತು, ಎರಡನೆಯ ಸಲ ನಿಂತಿತು. ಮೇಜಿನಿಂದ ದಾರದ ತುದಿ ಒಂದು ಗೇಣು ಕೆಳಗೆ ಜೋತುಬಿತ್ತು.

ಶಿರಸ್ತೇದಾರರು ಕತ್ತರಿ ಎತ್ತಿಕೊಂಡು ಬಗ್ಗಿದರು.

ಮಗಳು ಅವರ ಕೈ ಹಿಡಿದಳು. "ಬೇಡ ಸರ್. ಅದು ಹಾಗೇ ಇರಲಿ."