ಹೆಸರಿಲ್ಲದ ಒಂಬತ್ತನೇ ನಂಬರ್

ಕ್ರೇಗ್‌ಹೇವನ್ ಥಿಸಲ್ ಫುಟ್‌ಬಾಲ್ ತಂಡಕ್ಕಾಗಿ ಇನ್ನೆಸ್ ಮೊವಾಟ್ ಮೂರು ಪಂದ್ಯ ಆಡಿ ಎರಡು ಗೋಲು ಹೊಡೆದ. ಮೂರು ವಾರವೂ ಪತ್ರಿಕೆಯಲ್ಲಿ ಅವನ ಹೆಸರಿರಬೇಕಾದ ಕಡೆ ‘ಪರೀಕ್ಷಾರ್ಥಿ’ ಎಂದು ಅಚ್ಚಾಯಿತು.

ಮೂರನೆಯ ಶನಿವಾರದ ಸಂಜೆ ಅವನ ಅಜ್ಜಿ ನ್ಯಾನ್ ಅಡುಗೆಮನೆಯ ಮೇಜಿನ ಮೇಲೆ, ಪಂದ್ಯ ಮುಗಿದೊಡನೆ ಅಚ್ಚಾಗುವ ಕ್ರೀಡಾಪತ್ರಿಕೆ ಹರಡಿಕೊಂಡು ಕತ್ತರಿ ಆಡಿಸುತ್ತಿದ್ದಳು. ಹದಿನಾಲ್ಕನೇ ವಯಸ್ಸಿನಿಂದ ಬಂದರಿನಲ್ಲಿ ಹೆರಿಂಗ್ ಮೀನಿನ ಹೊಟ್ಟೆ ಸೀಳಿದ ಕೈ. ಕಾಗದ ಕತ್ತರಿಸುವಾಗಲೂ ಒಂದೆಳೆ ಆಚೀಚೆ ಹೋಗುತ್ತಿರಲಿಲ್ಲ.

“ಲೋ ಇನ್ನೆಸ್, ನೀನು ಮಧ್ಯಾಹ್ನ ಇಲ್ಲೇ ಆಡ್ದೆ ತಾನೆ?”

“ಹೂಂ. ಯಾಕಜ್ಜಿ?”

“ಇದ್ರಲ್ಲಿ ನೋಡಿದ್ರೆ ಡಂಫ್ರೀಸಲ್ಲೂ ಒಂದು ಗೋಲು ಹೊಡ್ದಿದೀಯ. ಅರ್‌ಬ್ರೋತಲ್ಲಿ ಯಾರಿಗೋ ಗುದ್ದಿ ಆಚೆ ಹಾಕಿಸ್ಕೊಂಡಿದೀಯ.”

“ಅವ್ರು ಬೇರೆ ಪರೀಕ್ಷಾರ್ಥಿಗಳು ಅಜ್ಜಿ. ಕರಾರಿಗೆ ರುಜು ಆಗದೆ ಇರೋರನ್ನೆಲ್ಲ ಹಂಗೇ ಬರೆಯೋದು.”

“ಅಯ್ಯೋ, ಮೂರನ್ನೂ ನಿನ್ನ ಪುಸ್ತಕಕ್ಕೆ ಅಂಟ್ಸಿಬಿಟ್ನಲ್ಲೋ!”

“ಗುದ್ದಿದೋನನ್ನ ಕಿತ್ತಾಕು ಮತ್ತೆ.”

ಅಜ್ಜಿ ಆ ತುಂಡನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದಳು. “ಇರ್ಲಿ ಬಿಡು. ಅವನಿಗೂ ಒಬ್ಬಳು ಅಜ್ಜಿ ಇದ್ದಾಳು.”

ಹದಿನೈದಕ್ಕೇ ಇನ್ನೆಸ್‌ನನ್ನು ಗ್ಲಾಸ್ಗೋದ ದೊಡ್ಡ ಕ್ಲಬ್ಬೊಂದು ಎತ್ತಿಕೊಂಡು ಹೋಗಿತ್ತು. ಮೂರು ವರ್ಷ ಅಲ್ಲಿ ಹಿರಿಯ ಆಟಗಾರರ ಬೂಟು ಉಜ್ಜಿದ, ಮೆಟ್ಟಿಲು ಗುಡಿಸಿದ, ಕ್ರಿಸ್‌ಮಸ್‌ಗೆ ಮೇಜಿನ ಮೇಲೆ ನಿಂತು ಅವರಿಗಾಗಿ ಹಾಡಿದ. ಒಂದು ಬೆಳಿಗ್ಗೆ ಅವನ ಕೈಗೆ ಚೀಲ ಕೊಟ್ಟು ಬಾಗಿಲು ತೋರಿಸಿದರು. ಈಗ ಉಳಿದಿದ್ದು ತನ್ನೂರಿನ ಈ ತಂಡ. ಇಲ್ಲೂ ರುಜು ಬೀಳದಿದ್ದರೆ ಫುಟ್‌ಬಾಲ್ ಮುಗಿಯಿತು. ಊರಿನ ಉಳಿದ ಹುಡುಗರ ಹಾಗೆ ಫಾರ್ಕರನ ಕಾರ್ಖಾನೆಯಲ್ಲಿ ಮಂಜುಗಡ್ಡೆ ಒಡೆಯುವುದೇ ಗತಿ.

ಮಂಜುಗಡ್ಡೆಯ ಕಾರ್ಖಾನೆ, ಐದು ಮೀನುದೋಣಿ ಮತ್ತು ಇಡೀ ಊರಿನ ಶನಿವಾರ ಮಧ್ಯಾಹ್ನ, ಇಷ್ಟರ ಒಡೆಯ ಫಾರ್ಕರ್. ತಂಡದ ಅಧ್ಯಕ್ಷನೂ ಅವನೇ. ಹೊಸಬನೊಬ್ಬನನ್ನು ಹೆಸರು ಬರೆಯದೆ ಮೂರು ಪಂದ್ಯ ಆಡಿಸಿ ನೋಡಬಹುದು. ಆಮೇಲೆ ರುಜು ಹಾಕಬೇಕು, ಇಲ್ಲವೇ ಕಳಿಸಬೇಕು. ನಿಯಮ ಹಾಗಿತ್ತು. ರುಜು ಹಾಕಿದರೆ ವರ್ಷಪೂರ್ತಿ ಸಂಬಳ ಕೊಡಬೇಕು, ಕಾಲು ಮುರಿದರೆ ಆಸ್ಪತ್ರೆಗೆ ಸೇರಿಸಬೇಕು. ಪರೀಕ್ಷಾರ್ಥಿಯ ಕಾಲು ಮಾತ್ರ ಪರೀಕ್ಷಾರ್ಥಿಯದೇ.

ನಾಲ್ಕನೆಯ ಪಂದ್ಯದ ದಿನ ಇನ್ನೆಸ್ ತರಬೇತುದಾರ ಆರ್ಚಿ ಪಿರೀಯ ಕೋಣೆಗೆ ಹೋದ.

“ಯಜಮಾನ್ರೆ, ಮೂರು ಪಂದ್ಯ ಆಯ್ತಲ್ಲ.”

“ಯಾರಿಗೆ ಆಯ್ತು?” ಪಿರೀ ಮಾಂಸದ ಪೈ ಕಚ್ಚುತ್ತಲೇ, ಹುಡುಗನ ಕೆಂಪು ತಲೆ ನೋಡುತ್ತ ಕೇಳಿದ. “ಕೆಂಪು ಕೂದಲಿನವನಿಗೆ ಆಯ್ತು. ಕಪ್ಪು ಕೂದಲಿನವನಿಗೆ ಇನ್ನೂ ಒಂದೂ ಆಗಿಲ್ಲ.”

“ಕಪ್ಪು ಕೂದಲಿನವನು ಯಾರು?”

ಪಿರೀ ಬಾಗಿಲ ಕಡೆ ಗದ್ದ ತೋರಿಸಿದ. ಅಲ್ಲಿ ತಂಡದ ಬಟ್ಟೆಬರೆ ನೋಡಿಕೊಳ್ಳುವ ಮುದುಕ ಎಕ್, ಕರಿ ಬೂಟ್ ಪಾಲಿಷಿನ ಡಬ್ಬಿ ಹಿಡಿದು, ಮುಂದಿನದಕ್ಕೆ ತಾನು ಹೊಣೆಯಲ್ಲ ಎನ್ನುವವನಂತೆ ನಿಂತಿದ್ದ.

“ನಿನ್ನ ಕಾಗದ ನನ್ನ ಡ್ರಾಯರಲ್ಲೇ ಇದೆ ಕಣಯ್ಯಾ. ಫಾರ್ಕರ್ ಸಾಹೇಬ್ರ ರುಜು ಒಂದೇ ಬಾಕಿ. ಇದೊಂದು ಪಂದ್ಯ. ರೆಫರಿ ಹೋದ ಸಲದವನೇ, ನಿನ್ನ ಬೆಂಕಿಕಡ್ಡಿ ತಲೆ ಮರೆತಿರಲ್ಲ.”

ಇದೊಂದು ಪಂದ್ಯ ಎಂದದ್ದಕ್ಕೆ ಇನ್ನೆಸ್ ಒಪ್ಪಿದ. ಎಕ್ ಇಡೀ ಡಬ್ಬಿಯನ್ನು ಅವನ ತಲೆಗೆ ಬಳಿದು ಖಾಲಿ ಮಾಡಿದ. ಅಭ್ಯಾಸಬಲದಿಂದ ಕೊನೆಗೆ ಬ್ರಷ್ಷಿನಿಂದ ಉಜ್ಜಿ ಹೊಳಪನ್ನೂ ಬರಿಸಿದ.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಸಮುದ್ರದ ಕಡೆಯಿಂದ ಮಳೆ ಬಂತು. ಅರ್ಧ ಗಂಟೆಯೊಳಗೆ ಎದುರಾಳಿಗಳ ಬಿಳಿ ಅಂಗಿಗಳ ಮೇಲೆಲ್ಲ ಕಪ್ಪು ಕಲೆ. ಇನ್ನೆಸ್ ತಲೆಯಿಂದ ಗುದ್ದಿದ ಚೆಂಡು ಬಲೆಯ ಮೂಲೆಗೆ ನುಗ್ಗಿ ಗೋಲಾಯಿತು. ಗೋಲ್‌ಕೀಪರ್ ಚೆಂಡನ್ನು ಬಲೆಯಿಂದ ತೆಗೆದು, ತನ್ನ ಕೈ ನೋಡಿಕೊಂಡು, ಮೂಸಿ, ರೆಫರಿಗೆ ತೋರಿಸಿದ. ರೆಫರಿ ಇನ್ನೆಸ್‌ನ ಹತ್ತಿರ ಬಂದ. ಹುಡುಗನ ಮುಖದ ಮೇಲೆ ಕಪ್ಪು ನೀರು ಇಳಿದು, ಹೆತ್ತವರಿಗೂ ಗುರುತು ಸಿಕ್ಕುವಂತಿರಲಿಲ್ಲ.

“ಏನಪ್ಪಾ ಇದು, ನಿನ್ನ ತಲೆ ಸೋರ್ತಿದೆ?”

ತಂಡದ ನಾಯಕ ನಡುವೆ ಬಾಯಿ ಹಾಕಿದ. “ಕಲ್ಲಿದ್ದಲು ಗಣಿಯೋರ ಮನೆತನ ಸಾರ್. ನಾಲ್ಕು ತಲೆಮಾರಾಯ್ತು, ಇನ್ನೂ ಬಿಟ್ಟಿಲ್ಲ.”

ರೆಫರಿ ಮಳೆಯನ್ನೂ ತನ್ನ ಗಡಿಯಾರವನ್ನೂ ನೋಡಿ ಸೀಟಿ ಊದಿದ. ಗೋಲು ಗೋಲೇ.

ಸೋಮವಾರ ಬೆಳಿಗ್ಗೆ, ಏಳು ಸಲ ಸೋಪು ಹಾಕಿ ತೊಳೆದ ಕೆಂಪು ತಲೆಯೊಂದಿಗೆ ಇನ್ನೆಸ್ ಬೇಕರಿಯ ಸಾಲಿನಲ್ಲಿ ನಿಂತಿದ್ದ. ಮುಂದೆ ಬಂದರಿನ ಇಬ್ಬರು ಕೂಲಿಯವರು.

“ಆ ಕೆಂಪು ತಲೆಯೋನನ್ನ ಓಡ್ಸಿದ್ದು ಒಳ್ಳೇದಾಯ್ತು ನೋಡು. ಚೆಂಡು ಬಂದ್ರೆ ಸಾಲ ಕೊಟ್ಟೋನು ಬಂದಂಗೆ ಆಡ್ತಿದ್ದ.”

“ಈ ಕಪ್ಪು ಕೂದಲಿನವನು ಆಟಗಾರ ಅಂದ್ರೆ ಆಟಗಾರ. ಎಲ್ಲಿಂದ ತಂದ್ರಂತೆ?”

“ಸ್ಪೇನ್ ಕಡೆಯೋನು ಅಂತಾರಪ್ಪ.”

ಒಬ್ಬ ಹಿಂತಿರುಗಿ ಇನ್ನೆಸ್‌ನನ್ನು ಕಂಡು ನಾಲಿಗೆ ಕಚ್ಚಿಕೊಂಡ. ಆಮೇಲೆ ಹೆಗಲ ಮೇಲೆ ಕೈಯಿಟ್ಟ. “ಬೇಜಾರು ಮಾಡ್ಕೋಬೇಡ ತಮ್ಮಾ. ಆಟ ಎಲ್ಲರಿಗೂ ಒಲಿಯಲ್ಲ. ಫಾರ್ಕರನ ಕಾರ್ಖಾನೇಲಿ ಜನ ಬೇಕಂತೆ, ಕೇಳಿನೋಡು.”

ಮನೆಗೆ ಬಂದರೆ ಅಜ್ಜಿ ಕತ್ತರಿಸಿಟ್ಟ ತುಂಡೊಂದನ್ನು ಅಂಟಿಸದೆ ಮುಂದಿಟ್ಟುಕೊಂಡು ಕೂತಿದ್ದಳು. ‘ಹೊಸ ಪರೀಕ್ಷಾರ್ಥಿ ಹಿಂದಿನವನಿಗಿಂತ ಎಷ್ಟೋ ವಾಸಿ’ ಎಂದು ಅದರಲ್ಲಿತ್ತು.

“ಇವನ್ಯಾರ್ಲಾ?”

“ನಾನೇ.”

“ಮತ್ತೆ ಹಿಂದಿನವನು?”

“ಅವನೂ ನಾನೇ.”

“ಅದಕ್ಕೇ ದಿಂಬು ಕರ್ರಗಾಗಿ ಒಲೆಯೊಳಗಿಂದ ಎದ್ದು ಬಂದಂಗಿದೆ.” ಅಜ್ಜಿ ನಗಲಿಲ್ಲ. ಕತ್ತರಿಯನ್ನು ಪಕ್ಕಕ್ಕೆ ಸರಿಸಿದಳು. “ನಿಮ್ಮ ತಾತ ಇಪ್ಪತ್ತಾರು ವರ್ಷ ಈ ಫಾರ್ಕರನ ಅಪ್ಪನ ದೋಣೀಲಿದ್ರು. ಸತ್ತಾಗ ಆ ದೊಡ್ಡ ಮನುಷ್ಯ ಕರೀ ಟೋಪಿ ಹಾಕ್ಕೊಂಡು ಬಾಗಿಲಿಗೆ ಬಂದ. ‘ಬಹಳ ಒಳ್ಳೆ ಕೆಲಸಗಾರನಮ್ಮ. ಹೆಸರೇನಂದ್ರಿ?’ ಅಂದ.”

“ನೀನೇನಂದೆ?”

“ಬಾಗಿಲು ಹಾಕ್ದೆ. ಬನ್ನು ತಿನ್ನು, ಆರಿಹೋಗುತ್ತೆ.”

ಐದನೆಯ ಪಂದ್ಯದ ದಿನ ಆಟಗಾರರು ಬಟ್ಟೆ ಬದಲಿಸುವ ಕೋಣೆಯ ನಡುವೆ ಒಂದು ಕುರ್ಚಿ ಹಾಕಿತ್ತು. ಪಕ್ಕದಲ್ಲಿ ಎಕ್, ಕೈಯಲ್ಲಿ ಕೂದಲು ಕತ್ತರಿಸುವ ಮಿಷಿನ್ನು. ಇನ್ನೆಸ್ ಆಗಲೇ ಬೂಟು ಕಟ್ಟಿ, ಒಂಬತ್ತನೇ ನಂಬರಿನ ಅಂಗಿ ತೊಟ್ಟಾಗಿತ್ತು.

“ಬಾರಯ್ಯಾ, ಕೂತ್ಕೋ,” ಎಂದ ಪಿರೀ. “ಇವತ್ತು ಬೋಳುತಲೆ. ಮಳೆ ಬಂದ್ರೂ ಸೋರಲ್ಲ.”

ಕೋಣೆ ಗೊಳ್ಳೆಂದಿತು. “ಬೋಳ ಇನ್ನೂ ಚೆನ್ನಾಗಿ ಆಡ್ತಾನಂತೆ!” ಎಂದ ಒಬ್ಬ. “ಮುಂದಿನ ವಾರ ಗಡ್ಡ ಬಿಟ್ಕೊಂಡು ಬಾರೋ!” ಎಂದ ಇನ್ನೊಬ್ಬ.

ಇನ್ನೆಸ್‌ಗೂ ನಗು ಬಂತು. ನಗು ಮುಗಿದ ಮೇಲೂ ಅವನು ಬೆಂಚಿನಿಂದ ಏಳಲಿಲ್ಲ.

“ಇದೊಂದು ಪಂದ್ಯ ಅಂದಿದ್ರಿ ಯಜಮಾನ್ರೆ.”

“ಇದೂ ಒಂದೇ ಅಲ್ವೇನೋ?”

“ಕಾಗದ ತರಿಸಿ. ಸಾಹೇಬ್ರು ಮೇಲೇ ಕೂತಿದಾರೆ. ರುಜು ಹಾಕಿ, ಪಟ್ಟೀಲಿ ನನ್ನ ಹೆಸರು ಬರೆದ್ರೆ ಆಡ್ತೀನಿ.”

“ನಿನ್ನಂಥೋರು ಹಾದಿಬೀದೀಲಿ ಸಿಗ್ತಾರೆ ಕಣೋ!”

“ಸಿಕ್ತಾರೆ. ನಾಲ್ಕು ವಾರದಿಂದ ನಿಮ್ಗೆ ನಾನೇ ಸಿಕ್ತಾ ಇದೀನಿ.”

ಯಾರೋ ಕಿಸಕ್ಕೆಂದು ತಡೆದುಕೊಂಡರು. ಬಾಗಿಲು ಬಡಿದ ಸದ್ದಾಯಿತು. ಆಟಗಾರರ ಪಟ್ಟಿ ಕೊಡಿ ಎಂದು ರೆಫರಿ ಹೊರಗಿನಿಂದ ಕೂಗಿದ. ಪಿರೀಯ ಕತ್ತು ಕೆಂಪಾಯಿತು. “ಎಕ್, ಹಚ್ಚೋ ಅದನ್ನ. ನೀವಿಬ್ರೂ ಅವನನ್ನ ಹಿಡ್ಕೊಳ್ರೋ.”

ಆ ಇಬ್ಬರಿಗೂ ಅದೇ ಗಳಿಗೆಯಲ್ಲಿ ತಮ್ಮ ಬೂಟಿನ ದಾರ ಸಡಿಲವಾಗಿರುವುದು ಕಂಡಿತು. ಬಗ್ಗಿದರು. ನಾಯಕ ಗೋಡೆಯ ಮೇಲಿನ ಮೊಳೆಯೊಂದನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ. ಎಕ್ ಮಿಷಿನ್ನಿನ ವೈರನ್ನು ಗೋಡೆಯಿಂದ ಕಿತ್ತು, ಅದರ ಸುತ್ತಲೇ ಸುತ್ತಿ, ಕೋಟಿನ ಜೇಬಿಗೆ ಹಾಕಿಕೊಂಡ.

“ಸರಿ,” ಎಂದ ಪಿರೀ. “ಆ ಅಂಗಿ ಬಿಚ್ಚಿ ಕೊಡು. ಬೇರೆ ಯಾರಾದ್ರೂ ಹಾಕ್ಕೋತಾರೆ.”

ಮೇಲೆ ಗ್ಯಾಲರಿಯಲ್ಲಿ ಜನ ಕಾಲಿನಿಂದ ಮರದ ಹಲಗೆ ಕುಟ್ಟುತ್ತಿದ್ದರು. ಸೂರಿನಿಂದ ಸುಣ್ಣದ ಪುಡಿ ಉದುರಿ ಖಾಲಿ ಕುರ್ಚಿಯ ಮೇಲೆ ಬೀಳುತ್ತಿತ್ತು. ಇನ್ನೆಸ್ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡ.

“ಬಿಚ್ಚಲ್ಲ,” ಎಂದ.