ಕಿಟಕಿ ಪಕ್ಕದ ಉದ್ದ ಟೇಬಲ್

"ತಲೆ ಕಡೆ ಸ್ವಲ್ಪ ಎತ್ರಪ್ಪಾ, ಗೋಡೆಗೆ ತಾಗ್ತಿದೆ" ಎಂದು ಲಾಯರ್ ಏದುಸಿರು ಬಿಡುತ್ತ ಹೇಳಿದ.

ಎರಡನೇ ಮಹಡಿಯಿಂದ ಇಳಿಯುವ ಮೆಟ್ಟಿಲಿನ ತಿರುವು ಇಕ್ಕಟ್ಟಾಗಿತ್ತು. ಪೆಟ್ಟಿಗೆಯನ್ನು ಓರೆ ಮಾಡದೆ ದಾಟಿಸುವಂತಿರಲಿಲ್ಲ, ಓರೆ ಮಾಡಲು ಯಾರಿಗೂ ಮನಸ್ಸಿರಲಿಲ್ಲ. ಮುಂದೆ ಹಿಡಿದಿದ್ದ ಔಷಧದಂಗಡಿಯವನ ಭುಜ ಸೋತು ಹೋಗಿತ್ತು. ಪಕ್ಕದ ಮನೆಯವರು ಕೈ ಹಾಕಲು ಬಂದರೂ ಅವನು ಜಾಗ ಬಿಡಲಿಲ್ಲ.

"ನಾನೇ ಹಿಡ್ಕೋತೀನಿ ಬಿಡಿ" ಎಂದ, ಬೇಕಾದ್ದಕ್ಕಿಂತ ಜೋರಾಗಿಯೇ.

ಒಳಗಿದ್ದವನು ಅವರ ಕಾಲೇಜಿನ ಗೆಳೆಯ. ನೀರು ಸರಬರಾಜು ಕಚೇರಿಯ ವರ್ಕ್‌ಶಾಪಿನಲ್ಲಿ ಕೆಟ್ಟ ಮೀಟರು ಬಿಚ್ಚುತ್ತ ಕೂತವನು ಕೂತಲ್ಲೇ ಒರಗಿದ್ದ. ಜೊತೆಗಾರರು ನಿದ್ದೆ ಹತ್ತಿರಬೇಕೆಂದುಕೊಂಡು ಫ್ಯಾನು ಜೋರು ಮಾಡಿದ್ದರಂತೆ.

*

ಕಾಲೇಜಿನಲ್ಲಿ ಅವನಿಗೆ ಹಾಜರಿ ಎಂದೇ ಹೆಸರು. ಚಕ್ಕರ್ ಹೊಡೆದವರ ಪರವಾಗಿ ಅವರವರ ದನಿಯಲ್ಲೇ "ಹಾಜರ್ ಸಾರ್" ಎನ್ನುತ್ತಿದ್ದ. ಒಮ್ಮೆ ಹುಡುಗಿಯೊಬ್ಬಳ ಪರವಾಗಿಯೂ ಕೂಗಿ ಸಿಕ್ಕಿಬಿದ್ದು, ತಾನೊಬ್ಬನೇ ವಾರವಿಡೀ ಕ್ಲಾಸಿನ ಹೊರಗೆ ನಿಂತಿದ್ದ. ಆ ಹುಡುಗಿ ಈಗ ಲೆಕ್ಚರರ್.

ತಲೆ ನರೆತ ಮೇಲೆ ಎಲ್ಲರನ್ನೂ ಹುಡುಕಿ ತೆಗೆದವನೂ ಅವನೇ. ವರ್ಷಕ್ಕೊಮ್ಮೆ ಹೋಟೆಲೊಂದರಲ್ಲಿ ಸೇರಿಸುತ್ತಿದ್ದ. ಊಟಕ್ಕೆ ಮುಂಚೆ ಹಾಜರಿ ಕರೆಯುತ್ತಿದ್ದ. ಹಳೆಯ ಅಡ್ಡಹೆಸರು ಕೂಗಿದರೆ ಎದ್ದು ನಿಂತು ಉತ್ತರ ಕೊಡಬೇಕು. ಬಾರದವರದ್ದನ್ನೂ ಕೂಗಿ ತಾನೇ ದನಿ ಬದಲಿಸಿ ಉತ್ತರಿಸುತ್ತಿದ್ದ. ಮೊದಮೊದಲು ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಆಮೇಲಾಮೇಲೆ ಸಪ್ಲೈಯರ್‌ಗಳ ಮುಂದೆ 'ಬೋಂಡ' ಎಂದು ಕರೆಸಿಕೊಳ್ಳುವುದು ಲಾಯರ್‌ಗೆ ಕಸಿವಿಸಿಯಾಗತೊಡಗಿತು.

"ಈ ಸಲ ಅವನಿಲ್ದೆ ಸೇರೋಣ ಕಣೋ. ಒಂದು ಸಲ ನೆಮ್ಮದಿಯಾಗಿ ಊಟ ಮಾಡೋಣ" ಎಂದಿದ್ದ ಲಾಯರ್.

ಯಾರಾದರೂ ಛೆ ಎನ್ನುತ್ತಾರೆಂದು ಎಲ್ಲರೂ ಕಾದರು. ಯಾರೂ ಅನ್ನಲಿಲ್ಲ. ಅವನೊಬ್ಬನನ್ನು ಬಿಟ್ಟು ಹೊಸ ವಾಟ್ಸಾಪ್ ಗುಂಪು ಮಾಡಿದವನು ಔಷಧದಂಗಡಿಯವನು. ಹೋಟೆಲಿಗೆ ಹೇಳಿದವನೂ ಅವನೇ. ಹೊಸ ಜಾಗ ಹುಡುಕಲು ಸೋಮಾರಿತನ, ಅದೇ ಹೋಟೆಲಿಗೇ ಹೇಳಿದ.

*

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದವರಿದ್ದರು. ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾಯಬೇಕಾಯಿತು. ಲಾಯರ್ ಫೋನಿನ ನೆಪ ಮಾಡಿಕೊಂಡು ಗೇಟಿನತ್ತ ಹೋದ. ಲೆಕ್ಚರರ್ ಕರ್ಚೀಫನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಸತ್ತವನ ಹೆಂಡತಿ ಬಂದು ಔಷಧದಂಗಡಿಯವನ ಪಕ್ಕದಲ್ಲಿ ಕೂತಳು.

"ನೀವೆಲ್ಲ ಬಂದ್ರಲ್ಲ, ಅಷ್ಟು ಸಾಕು" ಎಂದಳು ಆಕೆ. "ಹೋದ ತಿಂಗಳು ನಿಮ್ಮನ್ನೆಲ್ಲ ನೋಡ್ಕೊಂಡು ಬಂದಿದ್ದೇ ಒಳ್ಳೇದಾಯ್ತು."

ಲೆಕ್ಚರರ್ ಕೈಯಲ್ಲಿ ಕರ್ಚೀಫು ನಿಂತಿತು.

"ಪ್ರತಿ ವರ್ಷ ಹೇಳೋರು ಇವರೇ ಅಲ್ವಾ, ಹೋಟೆಲ್‌ನೋರು ಇವರಿಗೇ ಫೋನ್ ಮಾಡಿದ್ರು. ಭಾನುವಾರ ನಿಮ್ ಗುಂಪಿಗೆ ಯಾವ ಟೇಬಲ್ ಸಾರ್ ಅಂತ. ಇವರು ಒಂದು ಗಳಿಗೆ ಸುಮ್ನಿದ್ರು. ಆಮೇಲೆ, ಕಿಟಕಿ ಪಕ್ಕದ ಉದ್ದ ಟೇಬಲ್ಲೇ ಕೊಡಪ್ಪಾ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಂದ್ರು. ಹೊಸ ನೀಲಿ ಶರ್ಟು ಹಾಕ್ಕೊಂಡು ಹೋದ್ರು."

ಔಷಧದಂಗಡಿಯವನು ಗೇಟಿನ ಬಳಿಯಿದ್ದ ಲಾಯರ್‌ನತ್ತ ನೋಡಿದ.

"ಮನೆಗೆ ಬಂದ್ಮೇಲೆ ಎಲ್ಲರ ಸುದ್ದೀನೂ ಹೇಳಿದ್ರು. ಲಾಯರ್ ಸಾಹೇಬ್ರು ಸಣ್ಣ ಆಗಿದಾರೆ, ಈ ಮೇಡಂ ತಲೆಗೆ ಬಣ್ಣ ಹಚ್ಚೋದು ಬಿಟ್ಟಿದಾರೆ ಅಂತ. ನೀವು ಪಕ್ಕದಲ್ಲೇ ಕೂರಿಸ್ಕೊಂಡ್ರಂತಲ್ಲ? ಹೌದಾ ಅಣ್ಣಾ?"

"ಹ್ಞೂಂ" ಎಂದ ಅವನು.

*

ಔಷಧದಂಗಡಿಯವನು ಆ ದಿನ ಅವನನ್ನು ನೋಡಿದ್ದ. ಊಟದ ನಡುವೆ ತಲೆಯೆತ್ತಿದಾಗ ಗಾಜಿನಾಚೆ ರಸ್ತೆಯಂಚಿನಲ್ಲಿ ಹಾಜರಿ ನಿಂತಿದ್ದ. ಕಣ್ಣಿಗೆ ಕಣ್ಣು ಸೇರಿತ್ತು. ಹಾಜರಿ ಅರ್ಧ ಕೈಯೆತ್ತಿದ. ಇವನು ನೀರಿನ ಜಗ್ಗು ತೆಗೆದುಕೊಳ್ಳುವವನಂತೆ ಕುರ್ಚಿ ತಿರುಗಿಸಿ ಬೆನ್ನು ಕೊಟ್ಟು ಕೂತ. "ಫೋಟೋ ತೆಗೆದುಬಿಡಪ್ಪಾ, ಹೊರಡೋಣ" ಎಂದು ಸಪ್ಲೈಯರ್‌ಗೆ ಅವಸರಿಸಿದ. ಮತ್ತೆ ತಿರುಗಿ ನೋಡಲಿಲ್ಲ. ಹೋಗಿರುತ್ತಾನೆ ಎಂದುಕೊಂಡ. ಆಮೇಲೆ ಆ ಫೋಟೋ ನೋಡಲೂ ಮನಸ್ಸಾಗಿರಲಿಲ್ಲ. ಒಂದು ಫೋನು ಮಾಡಿ ಬೈಸಿಕೊಂಡು ಬಿಡೋಣ ಎಂದು ದಿನವೂ ಅಂದುಕೊಂಡು ದಿನವೂ ಮುಂದೆ ಹಾಕಿದ್ದ.

*

"ಅವತ್ತಿನ ಫೋಟೋ ಇದ್ರೆ ಕೊಡಿ" ಎಂದಳು ಹೆಂಡತಿ. "ದೊಡ್ಡದು ಮಾಡಿಸಿ ಮನೇಲಿ ಇಡ್ತೀನಿ. ಆಫೀಸ್ ಕಾರ್ಡಿನದ್ದು ಬಿಟ್ರೆ ಒಂದೂ ಸರಿಯಾದ್ದಿಲ್ಲ. ಖುಷಿಯಾಗಿದ್ದ ದಿನದ್ದಾದ್ರೆ ಚೆನ್ನಾಗಿರುತ್ತೆ."

ಲೆಕ್ಚರರ್ ಇವನ ಮುಖ ನೋಡಿ ಸಣ್ಣಗೆ ತಲೆಯಾಡಿಸಿದಳು, ಬೇಡ ಎಂಬಂತೆ. ತೆಗೆದಿಲ್ಲ ಎನ್ನಬಹುದಿತ್ತು. ಅಳಿಸಿಹೋಯಿತು ಎನ್ನಬಹುದಿತ್ತು. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೆ ಈಗ ಸುಳ್ಳು ಹೇಳಿದರೆ ಇನ್ನೊಮ್ಮೆ ಬೆನ್ನು ಕೊಟ್ಟ ಹಾಗೆಯೇ ಎಂದು ಅವನಿಗೆ ಅನ್ನಿಸಿತು. ಫೋನು ತೆಗೆದು ಫೋಟೋ ಹುಡುಕಿ, ತಾನು ನೋಡದೆಯೇ ಆಕೆಯ ಕೈಗಿಟ್ಟ.

"ಅತ್ತಿಗೆ, ಇದ್ರಲ್ಲಿ ಅವನಿಲ್ಲ. ನಾವು ಅವನ್ನ ಕರ್ದಿರ್ಲಿಲ್ಲ. ಅವನು ಬಂದಿದ್ದ, ನಾನು ನೋಡಿದ್ದೆ. ನೋಡಿಯೂ ಒಳಗೆ ಕರೀಲಿಲ್ಲ."

ಆಕೆ ಕನ್ನಡಕ ಏರಿಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಇದಾರಲ್ಲ" ಎಂದಳು.

ಅವನು ಬಗ್ಗಿ ನೋಡಿದ. ನಗುತ್ತ ಕೂತವರ ತಲೆಗಳ ಹಿಂದೆ, ಗಾಜಿನಾಚೆ, ನೀಲಿ ಶರ್ಟು. ರಸ್ತೆಯಂಚಿನಿಂದ ಕಿಟಕಿಯ ಹತ್ತಿರಕ್ಕೇ ಬಂದಿದ್ದ. ಕೂದಲು ಬಾಚಿತ್ತು. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಎಲ್ಲರ ಸಾಲಿಗೆ ಸರಿಯಾಗಿ ನಿಂತು, ಕ್ಯಾಮೆರಾ ನೋಡಿ ನಗುತ್ತಿದ್ದ.

ಹೆಂಡತಿ ಎರಡು ಬೆರಳಿಟ್ಟು ಫೋಟೋ ಹಿಗ್ಗಿಸಿದಳು. ಲಾಯರ್ ಅಂಚಿನಾಚೆ ಸರಿದುಹೋದ. ಲೆಕ್ಚರರ್ ಸರಿದಳು. ಆಕೆ ಇನ್ನೂ ಹಿಗ್ಗಿಸಿದಳು. ಔಷಧದಂಗಡಿಯವನ ಭುಜ ಒಂದು ಮೂಲೆಯಲ್ಲಿ ಉಳಿದಿತ್ತು, ಅದೂ ಹೋಯಿತು.